ಕೆಟ್ಟ ಗಾಡಿ ಎಲ್ಲಿ ನಿಲ್ಲುತ್ತೆ?

ನಗರ ಯೋಜನಾ ಕಚೇರಿಗೆ ಮೊದಲ ಸಲ ಹೋದಾಗ ನನ್ನ ಕೈಯಲ್ಲಿ ಒಂದು ಚಂದದ ನಕ್ಷೆ ಇತ್ತು. ನಾಲ್ಕು ಬೇ, ಅಂದರೆ ಒಂದೊಂದು ಗಾಡಿ ನಿಲ್ಲಿಸಿ ರಿಪೇರಿ ಮಾಡುವ ಜಾಗ, ಇರುವ ಶೆಡ್. ಎರಡು ಲಿಫ್ಟ್, ಒಂದು ಅಲೈನ್‌ಮೆಂಟ್ ಜಾಗ, ಮೂಲೆಯಲ್ಲಿ ಕಂಪ್ರೆಸರ್, ಮುಂದೆ ಪುಟ್ಟ ಆಫೀಸು. ಟೂಲ್ ಟ್ರಾಲಿ ಎಲ್ಲಿರಬೇಕು ಅನ್ನುವುದಕ್ಕೂ ಗುರುತು ಹಾಕಿಸಿದ್ದೆ. ಹದಿನೆಂಟು ವರ್ಷ ಬಾಡಿಗೆ ಶೆಡ್ಡಿನಲ್ಲಿ ಒದ್ದಾಡಿದವನು ನಾನು. ಸ್ವಂತ ಗ್ಯಾರೇಜ್ ಹೇಗಿರಬೇಕು ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ ಅನ್ನುವ ಧಿಮಾಕು ಸ್ವಲ್ಪ ಇತ್ತು.

ಮೇಜಿನ ಆಚೆ ಕೂತಿದ್ದ ಮೇಡಂ ನಕ್ಷೆ ಬಿಡಿಸಿದರು. ಶೆಡ್ಡಿನ ಒಳಗೆ ಏನಿದೆ ಅಂತ ನೋಡಲೇ ಇಲ್ಲ. ಹೊರಗೆ ನಾನು ಖಾಲಿ ಬಿಟ್ಟಿದ್ದ ಜಾಗದ ಮೇಲೆ ಪೆನ್ಸಿಲ್ ಇಟ್ಟು ಕೇಳಿದರು.

"ಕೆಟ್ಟ ಗಾಡಿ ಎಲ್ಲಿ ನಿಲ್ಲುತ್ತೆ?"

"ಒಳಗೇ ಮೇಡಂ, ಬೇನಲ್ಲಿ."

"ಅದು ರಿಪೇರಿ ಆಗ್ತಿರೋ ಗಾಡಿ. ಪಾರ್ಟ್ ಬರಲಿ ಅಂತ ಕಾಯೋದು? ರೆಡಿಯಾಗಿ ಓನರ್ ಬಾರದೆ ನಿಂತಿರೋದು? ಬೆಳಿಗ್ಗೆ ಟೋ ಮಾಡ್ಕೊಂಡು ಬಂದಿದ್ದು?"

ನನ್ನ ಹತ್ತಿರ ಉತ್ತರ ಇತ್ತು. ಆದರೆ ಅದನ್ನು ಅಲ್ಲಿ ಹೇಳುವ ಹಾಗಿರಲಿಲ್ಲ. ಹಳೆ ಶೆಡ್ಡಿನಲ್ಲಿ ಅವೆಲ್ಲ ರಸ್ತೆಯಲ್ಲೇ ನಿಲ್ಲುತ್ತಿದ್ದವು.

"ಸರಿ, ನೆಲ ತೊಳೆದ ನೀರು?"

ಅದಕ್ಕೂ ಅದೇ ಉತ್ತರ. ರಸ್ತೆ.

ಮೇಡಂ ಬೈಯಲಿಲ್ಲ. ನಕ್ಷೆ ಮಡಚಿ ವಾಪಸ್ ಕೊಟ್ಟರು. "ಕಟ್ಟಡ ಆಮೇಲೆ ನೋಡೋಣ. ಮೊದಲು ಸೈಟ್ ಬರ್ಕೊಂಡು ಬನ್ನಿ" ಅಂದರು. ನನಗೆ ಆಗ ಅರ್ಥವಾಗಲಿಲ್ಲ. ಸೈಟೇ ತಾನೇ ಬರೆಸಿದ್ದು? ಹೊರಗೆ ಬಂದು ನಕ್ಷೆ ಮಾಡಿದ ಹುಡುಗನಿಗೆ ಫೋನ್ ಮಾಡಿ ಅವನ ಮೇಲೆ ರೇಗಾಡಿದೆ. ಪಾಪ, ನಾನು ಹೇಳಿದ್ದನ್ನೇ ಅವನು ಬರೆದಿದ್ದ.

ಸೈಟ್ ಸಿಕ್ಕ ಕಥೆ ಸ್ವಲ್ಪ ಹೇಳಬೇಕು. ಬಾಡಿಗೆ ಶೆಡ್ ಖಾಲಿ ಮಾಡಿ ಅಂತ ಮಾಲೀಕರು ಹೇಳಿದ ಮೇಲೆ ಹುಡುಕಾಟ ಶುರುವಾಯಿತು. ಒಂದು ಮೂಲೆ ಸೈಟ್ ಕಣ್ಣಿಗೆ ಬಿತ್ತು. ಮುಂದೆ ದೊಡ್ಡ ರಸ್ತೆ, ಪಕ್ಕದಲ್ಲಿ ಸಣ್ಣ ರಸ್ತೆ, ಹಿಂದೆ ಮನೆಗಳು. ಹಿಂದೊಮ್ಮೆ ಗೋಡೌನ್ ಇತ್ತಂತೆ. ವಲಯ ನಕ್ಷೆಯಲ್ಲಿ, ಅಂದರೆ ಊರಿನ ಯಾವ ಭಾಗ ಯಾವ ಬಳಕೆಗೆ ಅಂತ ಬಣ್ಣ ಹಚ್ಚಿ ತೋರಿಸುವ ನಕ್ಷೆಯಲ್ಲಿ, ಅದು ವಾಣಿಜ್ಯ ಅಂತ ಇತ್ತು. ನನಗೆ ಅಷ್ಟೇ ಸಾಕಾಗಿತ್ತು. ಗ್ಯಾರೇಜ್ ಅಂದರೆ ವ್ಯಾಪಾರ, ವ್ಯಾಪಾರ ಅಂದರೆ ವಾಣಿಜ್ಯ, ಮುಗೀತು ಅಲ್ವಾ?

ಮುಗಿಯಲಿಲ್ಲ. ವಲಯದ ಬಣ್ಣ ಬೇರೆ, ಆ ಬಣ್ಣದ ಒಳಗೆ ಏನು ಮಾಡಬಹುದು ಅನ್ನುವ ಪಟ್ಟಿ ಬೇರೆ. ಆ ಪಟ್ಟಿಯಲ್ಲಿ ಮೂರು ಥರದ ಬಳಕೆ ಇತ್ತು. ನೇರವಾಗಿ ಒಪ್ಪಿಗೆ ಇರುವುದು, ಷರತ್ತಿನ ಮೇಲೆ ಒಪ್ಪಿಗೆ ಕೊಡಬಹುದಾದ್ದು, ಬಿಲ್‌ಕುಲ್ ಇಲ್ಲ ಅನ್ನುವುದು. ಸ್ಪೇರ್ ಪಾರ್ಟ್ಸ್ ಅಂಗಡಿ ಮೊದಲ ಸಾಲಿನಲ್ಲಿ. ಗಾಡಿ ರಿಪೇರಿ ಎರಡನೇ ಸಾಲಿನಲ್ಲಿ. ಟಿಂಕರಿಂಗ್, ಪೇಂಟಿಂಗ್ ಮೂರನೇದರಲ್ಲಿ. ನಮಗೆ ಇವೆಲ್ಲ ಒಂದೇ ಕಸುಬು. ಅವರಿಗೆ ಮೂರು ಬೇರೆ ಬೇರೆ ಪ್ರಾಣಿಗಳು. ಯೋಚಿಸಿದರೆ ಅದರಲ್ಲಿ ತಪ್ಪೂ ಇಲ್ಲ. ಪೇಂಟ್ ಸ್ಪ್ರೇ ಮಾಡಿದರೆ ಅದರ ಥಿನ್ನರ್ ಆವಿ ಗೋಡೆ ದಾಟಿ ಹೋಗುತ್ತದೆ, ಬೆಂಕಿಯ ಭಯವೂ ಇದೆ. ಪೇಂಟಿಂಗ್ ಆಸೆಯನ್ನು ಅವತ್ತೇ ಕೈಬಿಟ್ಟೆ. ಅರ್ಜಿಯಲ್ಲಿ ಬರೆದು, ಆಮೇಲೆ ಜಗಳ ಮಾಡಿ ತೆಗೆಸುವುದಕ್ಕಿಂತ ಇದೇ ವಾಸಿ ಅನ್ನಿಸಿತು. ಇವತ್ತಿಗೂ ಆ ಕೆಲಸ ಬಂದರೆ ಬೇರೆಯವರ ಹತ್ತಿರ ಕಳಿಸುತ್ತೇನೆ.

ಒಂದು ಬುದ್ಧಿವಂತಿಕೆ ಮಾತ್ರ ಮಾಡಿದ್ದೆ. ಮಾಡಿದ್ದು ಅನ್ನುವುದಕ್ಕಿಂತ, ವಕೀಲರು ಮಾಡಿಸಿದ್ದು. ಖರೀದಿ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿದ್ದರು. ರಿಪೇರಿ ಗ್ಯಾರೇಜಿಗೆ ಅನುಮತಿ ಸಿಗದಿದ್ದರೆ ಒಪ್ಪಂದ ರದ್ದು, ಮುಂಗಡ ವಾಪಸ್. ಮಾಲೀಕರು ಮೂಗು ಮುರಿದರೂ ಒಪ್ಪಿದರು. ಆ ಒಂದು ಸಾಲು ಇಲ್ಲದಿದ್ದರೆ ಮುಂದಿನ ಹದಿನಾಲ್ಕು ತಿಂಗಳು ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಬಂದಿದ್ದೂ ಅಷ್ಟಕ್ಕಷ್ಟೇ ಬಿಡಿ.

ಅದೇ ವಕೀಲರು ಇನ್ನೊಂದು ಮಾತು ಹೇಳಿದ್ದರು. ಆ ಜಾಗದಲ್ಲಿ ಮೊದಲು ಏನೇನಿತ್ತು ಅಂತ ವಿಚಾರಿಸಿ. ಹಿಂದೆ ಯಾವತ್ತೋ ಬಂಕ್ ಇದ್ದು, ನೆಲದಡಿ ತುಕ್ಕು ಹಿಡಿದ ಟ್ಯಾಂಕ್ ಉಳಿದಿದ್ದರೆ, ಸೋರಿದ ಪೆಟ್ರೋಲಿನ ಮಣ್ಣು ತೆಗೆಸುವ ತಲೆನೋವು ನಿಮ್ಮದಾಗುತ್ತದೆ ಅಂತ. ಹಳೆ ದಾಖಲೆ ತೆಗೆಸಿದೆವು. ಗೋಡೌನ್ ಬಿಟ್ಟು ಏನೂ ಇರಲಿಲ್ಲ.

ಆ ದಿನಗಳಲ್ಲಿ ರಾತ್ರಿ ಹೊತ್ತು ಈ ವಲಯದ ತಲೆಬುಡ ಏನು ಅಂತ ಓದುತ್ತಿದ್ದೆ. ಅಮೆರಿಕದಲ್ಲಿ ಯೂಕ್ಲಿಡ್ ಅನ್ನುವ ಸಣ್ಣ ಊರಿನ ವಲಯ ಕಾಯ್ದೆಯ ಮೇಲೆ ಅಲ್ಲಿನ ಸುಪ್ರೀಂ ಕೋರ್ಟ್ 1926ರಲ್ಲಿ ತೀರ್ಪು ಕೊಟ್ಟಿತ್ತು. ಊರನ್ನು ಹೀಗೆ ಬಳಕೆಗೆ ತಕ್ಕಂತೆ ಭಾಗ ಮಾಡುವುದು ಸರಿ ಅಂದಿತು ಕೋರ್ಟ್. ಅದರಲ್ಲಿ ಒಂದು ಮಾತು ಬರುತ್ತದೆ. ಉಪದ್ರವ ಅಂದರೆ ಎಷ್ಟೋ ಸಲ ಸರಿಯಾದ ವಸ್ತುವೇ ತಪ್ಪು ಜಾಗದಲ್ಲಿ ಇರುವುದು, ಕೊಟ್ಟಿಗೆಯಲ್ಲಿ ಇರಬೇಕಾದ ಹಂದಿ ನಡುಮನೆಗೆ ಬಂದ ಹಾಗೆ. ಓದಿ ನಗು ಬಂತು. ಹದಿನೆಂಟು ವರ್ಷ ಮೆಕ್ಯಾನಿಕ್ ಆಗಿದ್ದೆ. ಆ ರಾತ್ರಿ ನಾನು ಹಂದಿ ಅಂತ ಗೊತ್ತಾಯಿತು.

ಸೈಟ್ ಬರೆಯುವ ಕೆಲಸಕ್ಕೆ ಅನುಭವ ಇರುವ ಒಬ್ಬ ಸಿವಿಲ್ ಎಂಜಿನಿಯರ್ ಸಿಕ್ಕರು. ಮೊದಲ ದಿನವೇ ಅವರು ಒಂದು ಮನೆಗೆಲಸ ಕೊಟ್ಟರು. "ಒಂದು ತಿಂಗಳು ನಿಮ್ಮ ಹಳೆ ಶೆಡ್ಡಲ್ಲಿ ಗಂಟೆಗೊಂದ್ ಸಲ ಗಾಡಿ ಎಣಿಸಿ. ಒಳಗೆಷ್ಟು, ಹೊರಗೆಷ್ಟು, ಯಾಕೆ ನಿಂತಿವೆ, ಎಲ್ಲ ಬರೀರಿ."

ಗೋಡೆಯ ಕ್ಯಾಲೆಂಡರ್ ಮೇಲೆ ಹುಡುಗರ ಕೈಲಿ ಬರೆಸಿದೆ. ನನ್ನ ಅಂದಾಜಿನಲ್ಲಿ ಒಂದು ಹೊತ್ತಿಗೆ ಐದಾರು ಗಾಡಿ ಇರಬಹುದು ಅಂತ ಇತ್ತು. ಲೆಕ್ಕದಲ್ಲಿ ಹನ್ನೊಂದು ಬಂತು. ಕೆಲವು ದಿನ ಹದಿಮೂರು. ಅದರಲ್ಲಿ ಸ್ಪ್ಯಾನರ್ ಮುಟ್ಟಿದ್ದು ಮೂರು, ಜಾಸ್ತಿ ಅಂದರೆ ನಾಲ್ಕು. ಉಳಿದದ್ದೆಲ್ಲ ಕಾಯುವ ಗಾಡಿಗಳು. ಒಂದು ಸ್ಪೇರ್ ಪಾರ್ಟ್ ಬರಲಿ ಅಂತ ಕಾಯುತ್ತದೆ, ಒಂದು ಇನ್ಶೂರೆನ್ಸಿನವರಿಗೆ, ಇನ್ನೊಂದು ಓನರ್ "ಹೂಂ" ಅನ್ನಲಿ ಅಂತ. ಒಂದಂತೂ ನಲವತ್ತು ದಿನದಿಂದ ಅಲ್ಲೇ ಇತ್ತು. ಅದರ ಓನರ್ ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಇಷ್ಟು ವರ್ಷ ನಾನು ನಡೆಸಿದ್ದು ರಿಪೇರಿ ಅಂಗಡಿಯೋ, ಗಾಡಿಗಳ ಧರ್ಮಛತ್ರವೋ ಅಂತ ಅನುಮಾನ ಬಂತು. ಮೇಡಂ ಪೆನ್ಸಿಲ್ ಯಾಕೆ ಖಾಲಿ ಜಾಗದ ಮೇಲೆ ಬಿತ್ತು ಅಂತ ಆಗ ಹೊಳೆಯಿತು.

ಆಮೇಲೆ ಆ ಹದಿಮೂರನ್ನೂ ನಕ್ಷೆಯಲ್ಲಿ ಕೂರಿಸಬೇಕಾಯಿತು. ಒಂದು ಗಾಡಿಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಅದರ ಮುಂದೆ ತಿರುಗಿಸಲು ಆರು ಮೀಟರ್ ದಾರಿ. ಹದಿಮೂರು ಚೌಕ ಬರೆದು ನೋಡಿದರೆ ನನ್ನ ಶೆಡ್ಡಿಗೇ ಜಾಗ ಇಲ್ಲ. ನಾಲ್ಕು ಬೇ ಮೂರಕ್ಕೆ ಇಳಿಯಿತು. ಬೇ ಕಡಿಮೆಯಾದರೆ ಕಾಯುವ ಗಾಡಿಯೂ ಕಡಿಮೆ, ಹತ್ತು ಚೌಕ ಸಾಕು ಅಂದರು ಎಂಜಿನಿಯರ್. ಹೊಟ್ಟೆ ಉರಿಯಿತು. ಆದರೆ ಲೆಕ್ಕ ನಾನೇ ಬರೆಸಿದ್ದು, ಯಾರ ಮೇಲೆ ಸಿಟ್ಟು ಮಾಡಲಿ?

ಟೋ ಲಾರಿಯದು ಇನ್ನೊಂದು ರಾಮಾಯಣ. ಅದು ಮುಂದೆ ಮಾಡಿಕೊಂಡೇ ಒಳಗೆ ಬರಬೇಕು, ಮುಂದೆ ಮಾಡಿಕೊಂಡೇ ಹೊರಗೆ ಹೋಗಬೇಕು. ರಿವರ್ಸ್‌ನಲ್ಲಿ ದೊಡ್ಡ ರಸ್ತೆಗೆ ಇಳಿಯುವ ಹಾಗಿಲ್ಲ ಅಂತ ಸಂಚಾರ ವಿಭಾಗದವರ ಟಿಪ್ಪಣಿ. ಉದ್ದನೆಯ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗಿನಿಂದ ಕತ್ತರಿಸಿಕೊಂಡು ಬರುತ್ತದೆ. ಇದು ನಮಗೆ ಗೊತ್ತಿಲ್ಲದ್ದಲ್ಲ. ಆದರೆ ನಕ್ಷೆಯ ಮೇಲೆ ಆ ದಾರಿಯನ್ನು ಎಳೆದು ನೋಡಿದಾಗ ನನ್ನ ಆಫೀಸಿನ ಮೂಲೆ ಟೋ ಲಾರಿಯ ಹೊಟ್ಟೆಯೊಳಗೆ ಇತ್ತು. ಆಫೀಸು ಎರಡು ಮೀಟರ್ ಹಿಂದಕ್ಕೆ ಹೋಯಿತು. ಎರಡು ಗೇಟ್ ಕೇಳಿದ್ದೆ, ಒಂದೇ ಕೊಟ್ಟರು. ಅದೂ ಪಕ್ಕದ ಸಣ್ಣ ರಸ್ತೆಗೆ, ಮೂಲೆಯಿಂದ ಆದಷ್ಟು ದೂರ. ಮೂಲೆಯಲ್ಲಿ ಕಾಂಪೌಂಡ್ ಗೋಡೆ ಸೊಂಟದ ಎತ್ತರಕ್ಕಿಂತ ಮೇಲೆ ಏಳಬಾರದು, ಬೋರ್ಡೂ ಬರಬಾರದು. ಎರಡೂ ರಸ್ತೆಯ ಗಾಡಿಯವರಿಗೆ ಒಬ್ಬರಿಗೊಬ್ಬರು ಕಾಣಬೇಕಲ್ಲ. ನನ್ನ ಹೆಸರಿನ ಬೋರ್ಡನ್ನು ಸರಿಯಾಗಿ ಅಲ್ಲೇ ಹಾಕಬೇಕು ಅಂತ ಕನಸು ಕಂಡಿದ್ದೆ.

ನೀರಿನ ವಿಷಯ ಬಂದಾಗ ನನಗೆ ನಿಜವಾಗಿ ನಾಚಿಕೆಯಾಯಿತು.

ನಿಯಮ ಕೇಳಲು ಸುಲಭ. ಮಳೆನೀರು ಬೇರೆ, ಗ್ಯಾರೇಜ್ ನೀರು ಬೇರೆ. ಛಾವಣಿಯ ನೀರು ನೆಲಕ್ಕೆ ಇಂಗಬೇಕು ಅಥವಾ ಮಳೆನೀರು ಚರಂಡಿಗೆ ಹೋಗಬೇಕು. ಬೇನ ನೆಲದ ನೀರು ಆಯಿಲ್ ಬೇರ್ಪಡಿಸುವ ತೊಟ್ಟಿಗೆ ಹೋಗಿ, ಅಲ್ಲಿಂದ ಒಳಚರಂಡಿಗೆ. ಮಳೆನೀರು ಚರಂಡಿ ಅಂದರೆ ನೇರವಾಗಿ ಕೆರೆ, ಹೊಳೆ. ಮಧ್ಯದಲ್ಲಿ ಯಾರೂ ಶುದ್ಧ ಮಾಡುವುದಿಲ್ಲ. ಎರಡು ಚರಂಡಿಗೂ ಇಷ್ಟು ವ್ಯತ್ಯಾಸ ಇದೆ ಅಂತ ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು.

ತೊಟ್ಟಿ ಕೆಲಸ ಮಾಡುವ ರೀತಿ ಬಹಳ ಸರಳ. ಆಯಿಲ್ ನೀರಿಗಿಂತ ಹಗುರ. ಓಡುವ ನೀರನ್ನು ಒಂದು ಕಡೆ ನಿಧಾನ ಮಾಡಿದರೆ ಕೆಸರು ಕೆಳಗೆ ಕೂರುತ್ತದೆ, ಆಯಿಲ್ ಮೇಲೆ ತೇಲುತ್ತದೆ. ಹೊರಗೆ ಹೋಗುವ ಪೈಪಿನ ಬಾಯಿ ಕೆಳಗೆ ಬಗ್ಗಿರುತ್ತದೆ. ಹಾಗಾಗಿ ಮಧ್ಯದ ನೀರು ಮಾತ್ರ ಆಚೆ ಹೋಗುತ್ತದೆ. ಮೋಟಾರಿಲ್ಲ, ಫಿಲ್ಟರಿಲ್ಲ. ಆಗಾಗ ಮೇಲಿನ ಆಯಿಲ್ಲನ್ನೂ ಕೆಳಗಿನ ಕೆಸರನ್ನೂ ತೆಗೆಸಬೇಕು, ಅಷ್ಟೇ.

"ಇಷ್ಟೇನಾ ಸಾರ್?" ಅಂದೆ. ಎಂಜಿನಿಯರ್ ನಕ್ಕರು. ಒಂದು ಗಾಜಿನ ಬಾಟಲಿಗೆ ನೀರು, ಸ್ವಲ್ಪ ಹಳೆ ಆಯಿಲ್ ಹಾಕಿ ಅಲ್ಲಾಡಿಸಿದರು. ಕೆಳಗಿಟ್ಟು ಸ್ವಲ್ಪ ಹೊತ್ತಿಗೆ ಆಯಿಲ್ ಮೇಲೆ ಬಂದು ಕಪ್ಪು ಉಂಗುರವಾಗಿ ನಿಂತಿತು. "ಈಗ ನೀವು ನೆಲ ತೊಳೆಯೋಕೆ ಏನು ಹಾಕ್ತೀರಿ?" ಅಂದರು. ಸೋಪಿನ ಪುಡಿ, ಮತ್ತೇನು. ಒಂದು ಚಿಟಿಕೆ ಹಾಕಿ ಮತ್ತೆ ಅಲ್ಲಾಡಿಸಿದರು. ಬಾಟಲಿಯೊಳಗೆ ಬೂದು ಬಣ್ಣದ ರಾಡಿ. ಅರ್ಧ ಗಂಟೆ ಆದರೂ ಹಾಗೇ ಇತ್ತು. ಸೋಪು ಆಯಿಲ್ಲನ್ನು ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನಲ್ಲಿ ಬೆರೆಸಿಬಿಡುತ್ತದೆ. ಆ ನೀರು ತೊಟ್ಟಿಯನ್ನು ಆರಾಮಾಗಿ ದಾಟಿ ಹೋಗುತ್ತದೆ. ತೊಟ್ಟಿ ಇದ್ದೂ ಇಲ್ಲದ ಹಾಗೆ.

ಹದಿನೆಂಟು ವರ್ಷ ದಿನಾ ಸಂಜೆ ಹುಡುಗರಿಗೆ ನಾನು ಹೇಳುತ್ತಿದ್ದ ಮಾತು, "ಜಾಸ್ತಿ ಪುಡಿ ಹಾಕ್ರೋ, ಜಿಡ್ಡು ಹೋಗಬೇಕು." ಹೋಗುತ್ತಿತ್ತು. ಎಲ್ಲಿಗೆ ಅಂತ ಕೇಳಿರಲಿಲ್ಲ. ಒಂದು ಗಾಡಿಯ ಒಂದು ಸಲದ ಹಳೆ ಆಯಿಲ್ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಅನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಆ ಅಂಕಿ ಓದಿದ ದಿನ ನನ್ನ ಲೆಕ್ಕ ಹಾಕಲು ಧೈರ್ಯ ಬರಲಿಲ್ಲ.

ಈಗ ನಮ್ಮಲ್ಲಿ ನೆಲ ತೊಳೆಯುವುದೇ ಕಮ್ಮಿ. ಚೆಲ್ಲಿದ ಕೂಡಲೇ ಮರದ ಹೊಟ್ಟು ಹಾಕಿ, ಹೀರಿಕೊಂಡ ಮೇಲೆ ಗುಡಿಸಿ, ಆ ಹೊಟ್ಟನ್ನು ಬೇರೆ ಡಬ್ಬಿಗೆ ಹಾಕುತ್ತೇವೆ. ಹಳೆ ಆಯಿಲ್ ಡ್ರಮ್ಮುಗಳ ಕೆಳಗೆ ಅಂಚಿರುವ ಸಿಮೆಂಟ್ ತೊಟ್ಟಿ. ಇರುವ ಡ್ರಮ್ಮುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಒಡೆದರೂ ಅದರಷ್ಟು ಹಿಡಿದು, ಮೇಲೆ ಇನ್ನೂ ನೂರಕ್ಕೆ ಹತ್ತು ಭಾಗ ಜಾಗ ಉಳಿಯಬೇಕು. ಅದರ ಮೇಲೆ ಛಾವಣಿ ಕಡ್ಡಾಯ. ಮೊದಲ ನಕ್ಷೆಯಲ್ಲಿ ಛಾವಣಿ ಮರೆತಿದ್ದೆವು. ಒಂದು ಮಳೆ ಬಂದರೆ ತೊಟ್ಟಿ ನೀರಲ್ಲೇ ತುಂಬುತ್ತದೆ, ಆಮೇಲೆ ಆಯಿಲ್ ಹಿಡಿಯುವುದು ಏನು?

ಇಷ್ಟೆಲ್ಲ ಆಗಿ ನಕ್ಷೆ ನಾಲ್ಕನೇ ಸಲ ತಿದ್ದಿ ಕೊಟ್ಟೆವು. ಇಲ್ಲಿ ತಿಂಗಳುಗಟ್ಟಲೆ ಹೋಗಿದ್ದಕ್ಕೆ ಒಂದು ಪೆದ್ದ ಕಾರಣ ಇದೆ. ಫೈಲು ಒಂದೊಂದು ವಿಭಾಗಕ್ಕೂ ಹೋಗುತ್ತದೆ. ಸಂಚಾರದವರು ಮೂರನೇ ನಕ್ಷೆ ನೋಡಿ ಟಿಪ್ಪಣಿ ಬರೆದರು, ನೀರಿನವರು ಎರಡನೇದು ನೋಡಿ ಬರೆದರು, ಅಗ್ನಿಶಾಮಕದವರ ಹತ್ತಿರ ಮೊದಲನೇದೇ ಇತ್ತು. ನಾವು ಸರಿಮಾಡಿದ್ದನ್ನೇ ಮತ್ತೆ ಮತ್ತೆ ಸರಿಮಾಡಿ ಅಂತ ಪತ್ರ ಬರುತ್ತಿತ್ತು. ಐದನೇ ಸಲ ಎಂಜಿನಿಯರ್ ಪ್ರತಿ ಹಾಳೆಯ ಮೂಲೆಯಲ್ಲಿ ತಿದ್ದುಪಡಿ ಸಂಖ್ಯೆ, ತಾರೀಕು ದೊಡ್ಡದಾಗಿ ಬರೆದರು. ಬದಲಾದ ಜಾಗಕ್ಕೆಲ್ಲ ಕೆಂಪು ಸುತ್ತು. ಜೊತೆಗೆ ಒಂದು ಪತ್ರ. ಎಡಗಡೆ ಅವರ ಪ್ರತಿ ಟಿಪ್ಪಣಿ, ಬಲಗಡೆ ನಮ್ಮ ಉತ್ತರ, ಯಾವ ಹಾಳೆಯಲ್ಲಿ ನೋಡಬೇಕು ಅನ್ನುವುದು. ಅದು ಹೋದ ಮೂರು ವಾರಕ್ಕೆ ಎಲ್ಲ ವಿಭಾಗವೂ ಒಂದೇ ನಕ್ಷೆ ನೋಡಿತು. ಮೊದಲೇ ಹೀಗೆ ಮಾಡಿದ್ದರೆ ಅಂತ ಈಗಲೂ ಕೈ ಹಿಸುಕಿಕೊಳ್ಳುತ್ತೇನೆ.

ಇನ್ನೇನು ಮುಗಿಯಿತು ಅಂದುಕೊಂಡೆ. ಸೈಟಿನಲ್ಲಿ ನೋಟಿಸ್ ಬೋರ್ಡ್ ನಿಲ್ಲಿಸಿದರು, ಸುತ್ತಲಿನ ಮನೆಗಳಿಗೆ ಪತ್ರ ಹೋಯಿತು. ಅಹವಾಲು ಸಭೆಗೆ ಹೋದರೆ ಹಿಂದಿನ ಸಾಲಿನ ಮನೆಯವರು ಸಹಿ ಹಾಕಿದ ಮನವಿ ಹಿಡಿದು ಕೂತಿದ್ದರು. ಗ್ಯಾರೇಜ್ ಬೇಡವೇ ಬೇಡ. ಸಭೆ ಮುಂದಕ್ಕೆ ಹೋಯಿತು. ಅಕ್ಕಪಕ್ಕದವರ ಜೊತೆ ಮಾತಾಡಿ ಬನ್ನಿ ಅಂದರು.

ತಪ್ಪು ನನ್ನದೇ. ಅಷ್ಟು ತಿಂಗಳು ಕಚೇರಿ ಮೆಟ್ಟಿಲು ಸವೆಸಿದವನು, ಹಿಂದಿನ ಮನೆಯ ಬಾಗಿಲು ಒಂದು ಸಲವೂ ತಟ್ಟಿರಲಿಲ್ಲ. ಅವರಿಗೆ ನನ್ನ ಬಗ್ಗೆ ಗೊತ್ತಾಗಿದ್ದು ಸರ್ಕಾರಿ ಪತ್ರದಿಂದ.

ಮನವಿಯ ಮೊದಲ ಸಹಿ ಕಾಂಪೌಂಡಿಗೆ ಅಂಟಿಕೊಂಡ ಮನೆಯ ಯಜಮಾನರದ್ದು. ನಿವೃತ್ತರು. ಬಾಗಿಲು ತೆಗೆದವರು ಒಳಗೆ ಬಾ ಅಂತಲೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಾನೇ ಹೇಳಿದೆ, "ಸಾರ್, ನಿಮ್ಮ ಹಿಂದಿನ ರೂಮಲ್ಲಿ ಹತ್ತು ನಿಮಿಷ ಕೂರ್ತೀನಿ. ನಮ್ಮ ಹುಡುಗ ಅಲ್ಲಿ ಸೈಟಲ್ಲಿ ಇಂಪ್ಯಾಕ್ಟ್ ಗನ್, ಅದೇ ನಟ್ ಬಿಚ್ಚೋ ಮೆಷಿನ್, ಓಡಿಸ್ತಾನೆ. ಇಬ್ಬರೂ ಕೇಳೋಣ."

ಫೋನಿನಲ್ಲಿ ಸನ್ನೆ ಕೊಟ್ಟೆ. ದಿನಾ ಕಿವಿ ಪಕ್ಕ ಕೇಳುವ ಸದ್ದು ಅದು, ನನಗೆ ಅದು ಸದ್ದೇ ಅಲ್ಲ. ಆದರೆ ಆ ರೂಮಿನ ಮಂಚದ ಮೇಲೆ ಕೂತು ಕೇಳಿದಾಗ ಹಲ್ಲಿನ ಡಾಕ್ಟರ ಹತ್ತಿರ ಹೋದ ಹಾಗಾಯಿತು. ಯಜಮಾನರು ನನ್ನ ಮುಖ ನೋಡುತ್ತಿದ್ದರು. ಏನೂ ಹೇಳಲಿಲ್ಲ. ಹೇಳುವುದೂ ಬೇಕಿರಲಿಲ್ಲ.

ಆಮೇಲೆ ಅವರಾಗಿಯೇ ಮಾತು ಶುರು ಮಾಡಿದರು. ಅವರ ದೂರು ನಾನು ಅಂದುಕೊಂಡದ್ದಲ್ಲ. "ಇದು ಹೇಗೋ ತಡೀಬಹುದಪ್ಪ. ಹಿಂದೆ ನಾವಿದ್ದ ಮನೆ ಪಕ್ಕ ಒಂದು ಗ್ಯಾರೇಜ್ ಇತ್ತು. ರಿಪೇರಿ ಸದ್ದಲ್ಲ, ರಿಪೇರಿ ಆದ್ಮೇಲಿನ ಸದ್ದು. ಗಾಡಿ ನಿಲ್ಲಿಸ್ಕೊಂಡು ಆಕ್ಸಿಲೇಟರ್ ತುಳೀತಾರೆ. ಹಾರನ್ ಸರಿಹೋಯ್ತಾ ಅಂತ ಹತ್ತು ಸಲ ಒತ್ತಿ ನೋಡ್ತಾರೆ. ರಾತ್ರಿ ಎರಡು ಗಂಟೆಗೆ ಯಾವ್ದೋ ಗಾಡಿ ಅಲಾರಂ ಹೊಡ್ಕೊಳುತ್ತೆ, ಕೀ ಇರೋನು ಮನೇಲಿ ಮಲಗಿರ್ತಾನೆ."

ಅವರ ಮನೆಯವರು ಒಳಗಿಂದಲೇ ಇನ್ನೊಂದು ಸೇರಿಸಿದರು. "ನಮ್ಮ ನಾಯಿ ಇದೆ ಕಣಪ್ಪ. ಅದೇನೋ ಹಸಿರು ನೀರು ನೆಕ್ಕಿದ್ರೆ ಸಾಯುತ್ತಂತೆ." ಎಂಜಿನ್ ತಣ್ಣಗಿಡುವ ಕೂಲಂಟ್. ಅವರು ಹೇಳಿದ್ದು ಸರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ನಾಯಿ ಬೆಕ್ಕು ನೆಕ್ಕುತ್ತವೆ, ಕಿಡ್ನಿ ಹೋಗುತ್ತದೆ. ಯಾವ ವಿಭಾಗದ ಟಿಪ್ಪಣಿಯಲ್ಲೂ ನಾಯಿಯ ಮಾತು ಇರಲಿಲ್ಲ.

ಆ ಮನೆಯಿಂದ ಬಂದು ನಕ್ಷೆಯನ್ನು ಆರನೇ ಸಲ ತಿದ್ದಿದೆವು. ಶೆಡ್ಡನ್ನು ಕಾಲು ಸುತ್ತು ತಿರುಗಿಸಿ, ಬೇಗಳ ಬಾಯಿ ಸಣ್ಣ ರಸ್ತೆಯ ಕಡೆಗೆ, ಬೆನ್ನು ಮನೆಗಳ ಕಡೆಗೆ ಮಾಡಿದೆವು. ಹಿಂದಿನ ಗೋಡೆಗೆ ಒಂದು ಕಿಟಕಿಯೂ ಇಲ್ಲ. ಕಂಪ್ರೆಸರ್ ದೊಡ್ಡ ರಸ್ತೆಯ ಪಕ್ಕದ ಮೂಲೆಗೆ, ಅದಕ್ಕೊಂದು ಸ್ವಂತ ಕೋಣೆ. ಬಯಲಲ್ಲಿ ಒಂದೇ ಕಡೆಯಿಂದ ಬರುವ ಸದ್ದು ದೂರ ಎರಡರಷ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸದ್ದಿನ ಮೂಲವೂ ಕಿವಿಯೂ ಒಂದಕ್ಕೊಂದು ಕಾಣದ ಹಾಗೆ ಗೋಡೆ ಅಡ್ಡ ಬಂದರೆ ಇನ್ನೊಂದು 5 ಡೆಸಿಬಲ್. ದೂರಕ್ಕೆ ದುಡ್ಡು ಕೊಡಬೇಕಿಲ್ಲ, ಕಂಪ್ರೆಸರನ್ನು ಸರಿಸಿದರೆ ಸಾಕು. ನಮಗೆ ಮೊದಲು ಹೊಳೆದದ್ದು ಮಾತ್ರ ಗೋಡೆ.

ಎಂಜಿನ್ ಓಡಿಸಿ ಪರೀಕ್ಷೆ ಮಾಡುವುದು ಶೆಡ್ಡಿನ ಒಳಗೆ, ಬಾಗಿಲು ಹಾಕಿಕೊಂಡು ಅಂತ ನಾನೇ ಬರೆದುಕೊಟ್ಟೆ. ಅದನ್ನು ನೋಡಿ ಅಗ್ನಿಶಾಮಕದವರು ಹೌಹಾರಿದರು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಆಗಿ ಆಳು ಹೋಗುತ್ತಾನೆ. ಅವರು ಬಾಗಿಲು ತೆಗೆ ಅನ್ನುತ್ತಾರೆ, ನೆರೆಯವರು ಹಾಕು ಅನ್ನುತ್ತಾರೆ. ಎರಡೂ ಸರಿ. ಮೂರು ವಾರ ಈ ಬಾಗಿಲಲ್ಲೇ ನಿಂತಿದ್ದೆವು. ಕೊನೆಗೆ ಸೈಲೆನ್ಸರಿಗೆ ಸಿಕ್ಕಿಸುವ ದಪ್ಪ ಪೈಪ್, ಅದರ ತುದಿಯಲ್ಲಿ ಫ್ಯಾನ್, ಹೊಗೆ ಛಾವಣಿಯ ಮೇಲಿಂದ ಆಚೆಗೆ, ಜೊತೆಗೆ ಗೋಡೆಯ ಮೇಲೆ ಅನಿಲ ಪತ್ತೆ ಮಾಡುವ ಅಲಾರಂ. ಎರಡು ಕಡೆಯವರೂ ಒಪ್ಪಿದರು. ಇದು ನನ್ನ ಹಳೆ ಶೆಡ್ಡಿನಲ್ಲೂ ಇರಬೇಕಿತ್ತು. ಚಳಿಗಾಲದಲ್ಲಿ ಶಟರ್ ಅರ್ಧ ಎಳೆದು ಕೆಲಸ ಮಾಡಿದ ದಿನಗಳು ನೆನಪಾದವು. ಸಂಜೆ ತಲೆನೋವು ಬರುತ್ತಿತ್ತು. ಕೆಲಸ ಜಾಸ್ತಿ ಆಯಿತು ಅಂದುಕೊಳ್ಳುತ್ತಿದ್ದೆವು.

ಎರಡನೇ ಅಹವಾಲು ಸಭೆ ನಡೆದದ್ದು ಏಳೇ ನಿಮಿಷ. ಯಜಮಾನರು ಬಂದಿದ್ದರು. ಎದ್ದು ನಿಂತು "ರಾತ್ರಿ ಗಾಡಿ ಬಯಲಲ್ಲಿ ನಿಲ್ಲಿಸಬಾರದು, ಅದನ್ನ ಬರ್ಕೊಳ್ಳಿ" ಅಂದು ಕೂತರು. ಬರೆದುಕೊಂಡರು. ಬೇಡ ಅನ್ನಲಿಲ್ಲ ಅವರು, ಅದೇ ದೊಡ್ಡದು. ಇಪ್ಪತ್ಮೂರು ಷರತ್ತು ಹಾಕಿ ಹಂದಿಗೆ ಒಪ್ಪಿಗೆ ಕೊಟ್ಟರು. ಕೆಲಸದ ವೇಳೆ, ದೀಪಗಳು ಕೆಳಗೆ ಮುಖ ಮಾಡಿರಬೇಕು, ಹಿಂದಿನ ಗೋಡೆಗುಂಟ ಗಿಡದ ಸಾಲು, ಹೀಗೆ ಪಟ್ಟಿ ಉದ್ದ ಇತ್ತು. ನನ್ನ ಕಣ್ಣು ಹದಿನಾಲ್ಕನೇದರಲ್ಲಿ ನಿಂತಿತು. ರಿಪೇರಿಗೆ ಬಂದ ಯಾವ ಗಾಡಿಯೂ ರಸ್ತೆಯಲ್ಲಿ ನಿಲ್ಲಬಾರದು. ರಾತ್ರಿ ಉಳಿಯುವ ಗಾಡಿ ಎಲ್ಲವೂ ಛಾವಣಿಯ ಕೆಳಗೆ, ಗುರುತು ಮಾಡಿದ ಚೌಕದ ಒಳಗೆ. ಹತ್ತು ಚೌಕ. ಹನ್ನೊಂದನೇ ಗಾಡಿ ಅನ್ನುವುದು ಇಲ್ಲ.

ಕಟ್ಟಡ ಕಟ್ಟಿದ್ದು ಆರೇ ತಿಂಗಳು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಅಂತಿಮ ತಪಾಸಣೆಯ ದಿನ ಮಾತ್ರ ಮರೆಯುವುದಿಲ್ಲ. ಬಂದವರು ನಕ್ಷೆ ತೆಗೆಯಲಿಲ್ಲ, ಟೇಪ್ ಹಿಡಿಯಲಿಲ್ಲ. "ಒಂದು ಬಕೆಟ್ ನೀರು ತರಿಸಿ" ಅಂದರು. ಕುಡಿಯಲಿಕ್ಕೋ ಕೈಕಾಲು ತೊಳೆಯಲಿಕ್ಕೋ ಅಂದುಕೊಂಡೆ. ಅವರು ಬಕೆಟ್ ಎತ್ತಿ ಮೊದಲ ಬೇನ ಮಧ್ಯೆ ಸುರಿದರು. ನೀರು ಜಾಲರಿ ಚರಂಡಿಯ ಕಡೆಗೆ ಹರಿದು ಹೋಯಿತು. ಎರಡನೇ ಬೇ, ಅಲ್ಲೂ ಸರಿ. ಮೂರನೇದರಲ್ಲಿ ನೀರು ಸ್ವಲ್ಪ ಯೋಚನೆ ಮಾಡಿತು. ಆಮೇಲೆ ನಿಧಾನವಾಗಿ ತಿರುಗಿ, ಬಾಗಿಲ ಹೊಸ್ತಿಲು ದಾಟಿ, ಸಣ್ಣ ರಸ್ತೆಗೆ ಇಳಿಯಿತು. ನಾವೆಲ್ಲ ಅದನ್ನೇ ನೋಡುತ್ತಾ ನಿಂತಿದ್ದೆವು. ಯಾರೂ ಮಾತಾಡಲಿಲ್ಲ.

ನೂರಕ್ಕೆ ಒಂದು ಇಳಿಜಾರು ಅಂತ ನಕ್ಷೆಯಲ್ಲಿತ್ತು. ಗಾರೆಯವರು ಕೊಟ್ಟಿದ್ದರು ಕೂಡ, ಆದರೆ ಆ ಮೂರನೇ ಬೇನಲ್ಲಿ ಮಾತ್ರ ಉಲ್ಟಾ. ಬಾಗಿಲ ಅಗಲಕ್ಕೂ ಕಾಂಕ್ರೀಟ್ ಕತ್ತರಿಸಿ ಇನ್ನೊಂದು ಜಾಲರಿ ಚರಂಡಿ ಹಾಕಿಸಿ, ತೊಟ್ಟಿಗೆ ಜೋಡಿಸಿ, ಮತ್ತೆ ಕರೆಸಿದೆ. ಮತ್ತೆ ಬಕೆಟ್. ಈ ಸಲ ನೀರು ಮರ್ಯಾದೆಯಿಂದ ಒಳಗೇ ಹೋಯಿತು.

ಬಾಗಿಲು ತೆಗೆದು ಮೂರನೇ ವಾರ. ಸಂಜೆ ಆರು ಗಂಟೆಗೆ ಟೋ ಲಾರಿ ಬಂತು. ಮುಂದೆ ಮಾಡಿಕೊಂಡೇ ಒಳಗೆ ಬಂದು, ಆರಾಮಾಗಿ ತಿರುಗಿ, ಒಂದು ಹಳೆ ಕಾರು ಇಳಿಸಿತು. ಗೇರ್‌ಬಾಕ್ಸ್ ಹೋಗಿದೆ. ಪಾರ್ಟ್ ಹತ್ತಿರದಲ್ಲಿ ಎಲ್ಲೂ ಇಲ್ಲ, ಬರುವುದಕ್ಕೆ ಹತ್ತು ದಿನ ಆಗಬಹುದು ಅಂದರು ಡೀಲರು. ಓನರಿಗೆ ಹೇಳಿದೆ. ಇರಲಿ ಬಿಡಿ, ಅಲ್ಲೇ ಎಲ್ಲಾದರೂ ನಿಲ್ಲಿಸಿರಿ ಅಂದು ಆಟೋ ಹತ್ತಿದರು.

ಹುಡುಗ ಸ್ಟೀರಿಂಗ್ ಹಿಡಿದು ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಅಣ್ಣಾ, ಎಲ್ಲಿಗೆ ತಳ್ಳಲಿ ಇದನ್ನ?"

ಆಫೀಸಿನ ಗೋಡೆಗೆ ಅಂಟಿಸಿದ ನಕ್ಷೆಯ ಹತ್ತಿರ ಹೋಗಿ ಎಣಿಸಿದೆ. ಎಂಟು ತುಂಬಿವೆ.

"ಒಂಬತ್ತಕ್ಕೆ" ಅಂದೆ. "ಅಲಾರಂ ಇದ್ರೆ ಬ್ಯಾಟರಿ ಕಳಚಿಬಿಡು."